ಮುಚ್ಚಿಡಬೇಕಾದದ್ದು, ತೆರೆದಿಡಬೇಕಾದದ್ದು

ನಮ್ಮ ಬಾಲ್ಯದಲ್ಲಿ, ರಮಝಾನ್ ತಿಂಗಳ ಅಸರ್ ನಮಾಝಿನ ಹೊತ್ತಿಗೆ ಓಣಿಗೆ ಮದ್ರಸಾದ ಸಫೀರ್ ಸಾಹೇಬರು ಬರುತ್ತಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ರಸೀದಿ ಪುಸ್ತಕ, ಪುಸ್ತಕದ ಹಾಳೆಗಳ ನಡುವೆ ನೀಲಿ ಕಾರ್ಬನ್ ಕಾಗದ. ಅಮ್ಮಿ ಸೆರಗಿನ ಗಂಟು ಬಿಚ್ಚಿ ಐದೇ ರೂಪಾಯಿ ಕೊಟ್ಟರೂ ಅವರು ಹೆಸರು ಕೇಳಿ, ಉರ್ದುವಿನಲ್ಲಿ ಬರೆದು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಿ ಚೀಟಿ ಹರಿದುಕೊಡುತ್ತಿದ್ದರು. ಆ ಚೀಟಿಯ ಮೇಲೆ ಮದ್ರಸಾದ ಹೆಸರು, ಊರು, ರಸೀದಿ ಸಂಖ್ಯೆ, ಒಂದು ಮೊಹರು ಇಷ್ಟೇ ಇರುತ್ತಿತ್ತು. ಯಾವ ಮಗುವಿನ ಚಿತ್ರವೂ ಇರುತ್ತಿರಲಿಲ್ಲ. ಅಮ್ಮಿ ಆ ಊರನ್ನು ನೋಡಿದವರಲ್ಲ. ಆದರೂ ಚೀಟಿಯನ್ನು ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದರು.

ಈಗ ಸಫೀರ್ ಸಾಹೇಬರ ಜಾಗಕ್ಕೆ ಮೊಬೈಲ್ ಬಂದಿದೆ. ರಮಝಾನ್ ಬಂತೆಂದರೆ ಸಾಕು, ದಿನಕ್ಕೆ ಹತ್ತು ಕೋರಿಕೆಗಳು. ಆಸ್ಪತ್ರೆಯ ಮಂಚದ ಮೇಲೆ ಕೊಳವೆ ಸಿಕ್ಕಿಸಿದ ಮಗು, ಎದೆಗೆ ಬಡಿದುಕೊಳ್ಳುವ ತಾಯಿ, ಅದರ ಕೆಳಗೆ ಹಣ ಕಳಿಸುವ ಕ್ಯೂಆರ್ ಚೌಕ. ನಾವು ಕೆಲವೊಮ್ಮೆ ಕೊಡುತ್ತೇವೆ, ಬಹಳ ಸಲ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತೇವೆ. ಕೊಟ್ಟಾಗಲೂ ಮನಸ್ಸಿಗೆ ನೆಮ್ಮದಿಯಿಲ್ಲ, ಕೊಡದಿದ್ದಾಗಲೂ ಇಲ್ಲ.

ಈ ವಿಷಯವನ್ನು ಸ್ವಲ್ಪ ಗಂಭೀರವಾಗಿ ಯೋಚಿಸುವ ಸಂದರ್ಭ ನಮಗೆ ಒದಗಿದ್ದು ನಮ್ಮೂರಿನ ಒಂದು ಟ್ರಸ್ಟಿನಿಂದಾಗಿ. ವಿಧವೆಯರಿಗೆ ಮಾಸಿಕ ನೆರವು, ಬಡ ಮಕ್ಕಳಿಗೆ ಶುಲ್ಕ ಕೊಡುವ ಚಿಕ್ಕ ಸಂಸ್ಥೆ ಅದು. ಹೊಸ ತಲೆಮಾರಿನವರು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಇದ್ದಾರೆ. ಅವರಿಗೆ ನಂಬಿಕೆ ಬರಬೇಕಾದರೆ ಹಳೆಯ ವೆಬ್‌ಸೈಟ್ ಕಿತ್ತು ಹೊಸದು ಮಾಡಬೇಕು ಎಂದು ತೀರ್ಮಾನವಾಯಿತು. ಕಥೆ ಬರೆಯುವವರೆಂಬ ಕಾರಣಕ್ಕೆ ಅದರ ಬರವಣಿಗೆ ನಮ್ಮ ಪಾಲಿಗೆ ಬಂತು. ವಿನ್ಯಾಸ ಮಾಡುವ ಹುಡುಗ ಲ್ಯಾಪ್‌ಟಾಪ್ ತೆರೆದು ಮೊದಲ ಪುಟ ತೋರಿಸಿದ. ಪರದೆ ತುಂಬ ಅಳುವ ಹುಡುಗಿಯೊಬ್ಬಳ ಮುಖ, ಅವಳ ಗಲ್ಲದ ಕೆಳಗೆ ಕೆಂಪು ಗುಂಡಿ, 'ಈಗಲೇ ದಾನ ಮಾಡಿ'.

"ಈ ಮಗು ಯಾವ ಮೊಹಲ್ಲಾದ್ದು?" ಎಂದು ಕೇಳಿದೆವು.

"ನೆಟ್ಟಲ್ಲಿ ಸಿಕ್ಕಿದ್ದು ಸಾರ್. ಆಮೇಲೆ ನಮ್ಮೋರದ್ದೇ ಹಾಕೋಣ."

ಲೆಕ್ಕಪತ್ರದ ಪುಟ ಎಲ್ಲಿ ಎಂದು ಹುಡುಕಿದೆವು. ಕೆಳಗೆ, ಎಲ್ಲಕ್ಕಿಂತ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು. ಒತ್ತಿದರೆ 'ಶೀಘ್ರದಲ್ಲೇ' ಎಂದು ಬಂತು.

ಹುಡುಗನನ್ನು ಬೈಯುವಂತಿಲ್ಲ. ಅವನು ಕಲಿತದ್ದೇ ದೊಡ್ಡ ಸಂಸ್ಥೆಗಳ ಪುಟಗಳನ್ನು ನೋಡಿ. ಅವನು ಮಾದರಿಯೆಂದು ತೋರಿಸಿದ್ದು ಅಮೆರಿಕದ 'ಚಾರಿಟಿ: ವಾಟರ್' ಸಂಸ್ಥೆಯನ್ನು. ನ್ಯೂಯಾರ್ಕಿನ ನೈಟ್‌ಕ್ಲಬ್ಬುಗಳಲ್ಲಿ ಪಾರ್ಟಿ ಏರ್ಪಡಿಸುತ್ತಿದ್ದ ಸ್ಕಾಟ್ ಹ್ಯಾರಿಸನ್ 2006ರಲ್ಲಿ ಆರಂಭಿಸಿದ ಸಂಸ್ಥೆ ಇದು. ಬಡ ದೇಶಗಳ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವುದು ಅದರ ಕೆಲಸ. ಅದರ ವೆಬ್‌ಸೈಟನ್ನು ಕೃತಿಯೊಂದನ್ನು ಓದುವಂತೆ ಓದಿದರೆ ಮೆಚ್ಚಬೇಕಾದದ್ದು ಬಹಳ ಇದೆ. ಅಲ್ಲಿ ಅಳುವಿಗಿಂತ ನಗು ಹೆಚ್ಚು. ಚಿಮ್ಮುವ ನೀರಿನ ಮುಂದೆ ನಿಂತ ಮಕ್ಕಳು ನಗುತ್ತಾರೆ. ಹಣ ಯಾವ ಬಾವಿಗೆ ಹೋಯಿತು ಎಂಬುದನ್ನು ಫೋಟೋ ಸಹಿತ, ಭೂಪಟದ ಮೇಲೆ ಗುರುತು ಹಾಕಿ ದಾನಿಗೆ ತೋರಿಸುವ ಕ್ರಮವನ್ನು ಅದು ರೂಢಿಗೆ ತಂದಿತು. ನಮ್ಮ ಸಫೀರ್ ಸಾಹೇಬರ ರಸೀದಿ ಹಣ ಪಡೆದದ್ದಕ್ಕೆ ಮಾತ್ರ ಸಾಕ್ಷಿಯಾಗಿತ್ತು; ಇದು ಹಣ ಖರ್ಚಾದದ್ದಕ್ಕೂ ಸಾಕ್ಷಿ. ಇದು ದೊಡ್ಡ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ.

ಅದಕ್ಕಿಂತ ನಮಗೆ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. 2010ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಬಾಯಾಕಾ ಜನರಿಗಾಗಿ ಕೊರೆಯಲು ಹೋದ ಬಾವಿ ವಿಫಲವಾಯಿತು. ಆ ಸೋಲನ್ನು ಸಂಸ್ಥೆ ಮುಚ್ಚಿಡದೆ ವೀಡಿಯೊ ಮಾಡಿ ದಾನಿಗಳ ಮುಂದಿಟ್ಟಿತು. ನಾವು ಕಥೆಗಾರರು ಇದನ್ನು ಚೆನ್ನಾಗಿ ಬಲ್ಲೆವು: ಎಲ್ಲ ಕಡೆ ಗೆಲ್ಲುವ ನಾಯಕನನ್ನು ಓದುಗ ನಂಬುವುದಿಲ್ಲ. 'ಇಲ್ಲಿ ನಾವು ಸೋತೆವು' ಎಂಬ ಒಂದು ಸಾಲು ನೂರು ನಗುಮುಖಗಳು ಕೊಡಲಾರದ ನಂಬಿಕೆಯನ್ನು ಕೊಡುತ್ತದೆ. ಬಾವಿಯ ಫೋಟೋ ತೆಗೆಯುವುದು ಉದ್ಘಾಟನೆಯ ದಿನ. ಮೂರು ವರ್ಷದ ನಂತರ ಪಂಪು ಕೆಟ್ಟು ನಿಂತಾಗ ಕ್ಯಾಮೆರಾ ಅಲ್ಲಿರುವುದಿಲ್ಲ. ಈ ಸತ್ಯವನ್ನು ಒಪ್ಪಿಕೊಂಡೇ ಸಂಸ್ಥೆ 2012ರಲ್ಲಿ ಗೂಗಲ್ ಕೊಟ್ಟ 50 ಲಕ್ಷ ಡಾಲರ್ ನೆರವಿನಿಂದ, ಬಾವಿಗಳಲ್ಲಿ ನೀರು ಹರಿಯುತ್ತಿದೆಯೇ ಎಂದು ದೂರದಿಂದಲೇ ತಿಳಿಸುವ ಉಪಕರಣಗಳನ್ನು ಅಳವಡಿಸಲು ಹೊರಟಿತು.

ಆದರೆ ಇದೇ ಪುಟದಲ್ಲಿ ನಮಗೆ ಒಪ್ಪಿಗೆಯಾಗದ ಒಂದು ಮಾತಿದೆ. ಸಾರ್ವಜನಿಕರು ಕೊಟ್ಟ ಹಣದ ನೂರಕ್ಕೆ ನೂರು ಪಾಲು ನೀರಿಗೇ ಹೋಗುತ್ತದೆ ಎಂಬ ಭರವಸೆ ಅದು. ಸುಳ್ಳಲ್ಲ. ಸಿಬ್ಬಂದಿಯ ಸಂಬಳ, ಕಚೇರಿಯ ಬಾಡಿಗೆಗಳನ್ನು ಬೇರೆ ಶ್ರೀಮಂತ ದಾನಿಗಳು ಪ್ರತ್ಯೇಕವಾಗಿ ಭರಿಸುತ್ತಾರೆ. ಆದರೆ ಈ ಮಾತು ಓದುಗನಿಗೆ ಏನು ಕಲಿಸುತ್ತದೆ? ಲೆಕ್ಕ ಬರೆಯುವವನಿಗೆ ಕೊಡುವ ಸಂಬಳ ದಾನದಿಂದ ಕದ್ದ ಹಣ ಎಂದು ಕಲಿಸುತ್ತದೆ. 2013ರಲ್ಲಿ ಅಮೆರಿಕದಲ್ಲಿ ದತ್ತಿ ಸಂಸ್ಥೆಗಳನ್ನು ಅಳೆಯುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲೈಯನ್ಸ್‌ಗಳ ಮುಖ್ಯಸ್ಥರೇ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರನ್ನು ಮಾತ್ರ ನೋಡಿ ಸಂಸ್ಥೆಯ ಯೋಗ್ಯತೆ ಅಳೆಯಬೇಡಿ ಎಂದು ಕೇಳಿಕೊಂಡರು. ನಮ್ಮ ಎಷ್ಟೋ ಟ್ರಸ್ಟುಗಳಲ್ಲಿ ಗುಮಾಸ್ತನಿಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. 'ನಾವು ಒಂದು ಪೈಸೆ ಖರ್ಚು ಮಾಡುವುದಿಲ್ಲ' ಎಂಬ ಹೆಮ್ಮೆಯ ಹಿಂದೆ ಬಹಳ ಸಲ ಇರುವುದು ಖಾಲಿ ಲೆಡ್ಜರು.

ಇನ್ನು ಆ ಹುಡುಗಿಯ ಮುಖದ ವಿಷಯ. ಬಡವರ ಮುಖವನ್ನು ತೋರಿಸಿ ಹಣ ಎತ್ತುವುದರ ಬಗ್ಗೆ ಹೊರಗೆ ಬಹಳ ಹಿಂದೆಯೇ ಚರ್ಚೆ ನಡೆದಿದೆ. ಯುರೋಪಿನ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವಾದ ಕಾಂಕಾರ್ಡ್ 2006ರಲ್ಲಿ ಚಿತ್ರ ಮತ್ತು ಸಂದೇಶಗಳಿಗೆಂದೇ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. 2012ರಲ್ಲಿ ನಾರ್ವೆಯ ವಿದ್ಯಾರ್ಥಿ ಸಂಘಟನೆಯೊಂದು ತಮಾಷೆಯ ವೀಡಿಯೊ ಮಾಡಿತು. ಚಳಿಯಲ್ಲಿ ನಡುಗುವ ಪಾಪದ ನಾರ್ವೆ ಜನರಿಗಾಗಿ ಆಫ್ರಿಕದವರು ಮರುಕಪಟ್ಟು ಕೋಣೆ ಕಾಯಿಸುವ ಯಂತ್ರಗಳನ್ನು ಸಂಗ್ರಹಿಸುತ್ತಾರೆ! ನಗುತ್ತಾ ನೋಡಿದವರಿಗೆ ಕೊನೆಯಲ್ಲಿ ನಾಚಿಕೆಯಾಗಬೇಕು, ಹಾಗಿದೆ ಅದು. ನಮ್ಮಲ್ಲಿಯೂ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು, ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಮಾಧ್ಯಮಗಳಲ್ಲಿ ಬಯಲಾಗದಂತೆ ತಡೆಯುತ್ತದೆ. ಅನಾಥಾಲಯದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಿರಿಯಾನಿ ಪೊಟ್ಟಣ ಕೈಗಿಟ್ಟು ಫೋಟೋ ತೆಗೆಯುವ ನಮ್ಮ ಹಿರಿಯರಲ್ಲಿ ಈ ಕಾನೂನು ಗೊತ್ತಿರುವವರು ಎಷ್ಟು ಮಂದಿ?

ಕಾನೂನಿನ ಮಾತು ಹಾಗಿರಲಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕೇಳುತ್ತಲೇ ಬೆಳೆದವರು ನಾವು. ಈ ಗುಟ್ಟು ಇರುವುದು ಕೊಡುವವನ ಅಹಂಕಾರ ಇಳಿಯಲೆಂದು, ಪಡೆಯುವವನ ಮಾನ ಉಳಿಯಲೆಂದು. ನಡುವೆ ನಿಂತು ಹಣ ಹಿಡಿದವನಿಗೆ ಈ ಗುಟ್ಟಿನ ರಿಯಾಯಿತಿ ಇಲ್ಲ. ಅವನ ಕೈಯಲ್ಲಿರುವುದು ಅಮಾನತ್ತು. ಅವನು ಲೆಕ್ಕ ಕೊಡಲೇಬೇಕು. ನಾವು ಮಾಡಿರುವುದು ಇದರ ತಲೆಕೆಳಗು. ಬಡವಳ ಮುಖವನ್ನು ಬೀದಿಗಿಟ್ಟು, ಟ್ರಸ್ಟಿಯ ಲೆಕ್ಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ. ಕೇಳಿದರೆ, 'ಅಲ್ಲಾಹನ ಕೆಲಸಕ್ಕೆ ಎಂಥ ಲೆಕ್ಕ?' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಾಗೆ ನೋಡಿದರೆ ಲೆಕ್ಕ ಪ್ರಕಟಿಸುವುದು ನಮ್ಮ ಸಮಾಜಕ್ಕೆ ಹೊಸದೇನಲ್ಲ. 1866ರಲ್ಲಿ ಆರಂಭವಾದ ದೇವಬಂದ್ ಮದ್ರಸಾ ನವಾಬರ ಜಹಗೀರನ್ನಾಗಲಿ ಸರ್ಕಾರದ ಅನುದಾನವನ್ನಾಗಲಿ ನೆಚ್ಚದೆ ಜನಸಾಮಾನ್ಯರ ಚಂದಾದ ಮೇಲೆ ನಿಂತಿತು. ಹೆಸರಿನ ಆಸೆಯಿಲ್ಲದವರ ಸಣ್ಣ ದೇಣಿಗೆಯಲ್ಲೇ ಹೆಚ್ಚು ಬರಕತ್ ಎಂಬುದು ಮೌಲಾನಾ ಖಾಸಿಂ ನಾನೌತವಿಯವರು ಹಾಕಿಕೊಟ್ಟ ಸೂತ್ರಗಳಲ್ಲೊಂದರ ಸಾರ. ಆ ಮದ್ರಸಾ ವರ್ಷವರ್ಷವೂ 'ರೂದಾದ್' ಎಂಬ ವರದಿಯನ್ನು ಅಚ್ಚು ಹಾಕಿಸಿ, ಯಾರಿಂದ ಏನು ಬಂತು ಎಂಬುದನ್ನು ಚಿಕ್ಕ ದೇಣಿಗೆಗಳ ಸಮೇತ ದಾಖಲಿಸುತ್ತಿತ್ತು. ಕಲ್ಲಚ್ಚಿನ ಕಾಲದ ವೆಬ್‌ಸೈಟ್ ಎಂದರೆ ಅದೇ.

ಅದೇ ಕಾಲದ ಇನ್ನೊಂದು ಉದಾಹರಣೆ ಅಲಿಗಢದ್ದು. 1875ರಲ್ಲಿ ಅಲ್ಲಿ ಶಾಲೆ ತೆರೆದ ಸರ್ ಸಯ್ಯದ್ ಅಹ್ಮದ್ ಖಾನ್ ಚಂದಾ ಎತ್ತಲು ಬಾರದ ವೇಷವಿರಲಿಲ್ಲ. ದಾನಿಗಳ ಹೆಸರನ್ನು ಗೋಡೆಯ ಕಲ್ಲುಗಳ ಮೇಲೆ ಕೆತ್ತಿಸಿದರು. ಆದರೆ 1895ರಲ್ಲಿ ಕಾಲೇಜಿನ ಕಚೇರಿಯ ಗುಮಾಸ್ತನೊಬ್ಬ ಒಂದು ಲಕ್ಷ ರೂಪಾಯಿಗೂ ಮಿಕ್ಕಿ ಹಣ ನುಂಗಿದ್ದು ಬೆಳಕಿಗೆ ಬಂತು. ವೃದ್ಧ ಸರ್ ಸಯ್ಯದ್ ಆ ಪೆಟ್ಟಿನಿಂದ ಕುಗ್ಗಿಹೋದರು, 1898ರಲ್ಲಿ ತೀರಿಕೊಂಡರು. ದಾನಿಗಳ ಹೆಸರು ಹೊರಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿತ್ತು. ಒಳಗಿನ ಖಾತೆ ಒಬ್ಬನೇ ಗುಮಾಸ್ತನ ಕೈಯಲ್ಲಿತ್ತು. ನಮ್ಮ ಇಂದಿನ ಬಹುಪಾಲು ದತ್ತಿ ವೆಬ್‌ಸೈಟುಗಳ ವಿನ್ಯಾಸ ಇದಕ್ಕಿಂತ ಭಿನ್ನವಾಗಿದೆಯೇ?

ಸರ್ಕಾರವೂ ಈ ವಿಷಯದಲ್ಲಿ ಮಾದರಿಯಾಗಿ ಉಳಿದಿಲ್ಲ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಬಂದ ಹಣದ ವಿವರವನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂಬ ನಿಯಮವಿತ್ತು. 2022ರ ಜುಲೈನಲ್ಲಿ ಆ ನಿಯಮವನ್ನು ತೆಗೆದುಹಾಕಲಾಯಿತು. ಅದೇ ತಿಂಗಳು ಗೃಹ ಸಚಿವಾಲಯ ತನ್ನ ವೆಬ್‌ಸೈಟಿನಿಂದ ಸಂಸ್ಥೆಗಳ ವಾರ್ಷಿಕ ಲೆಕ್ಕಪತ್ರಗಳನ್ನೂ, ಪರವಾನಗಿ ರದ್ದಾದವರ ಪಟ್ಟಿಯನ್ನೂ ಇಳಿಸಿಬಿಟ್ಟಿತು. ಸಂಸ್ಥೆಗಳನ್ನು ಅನುಮಾನದಿಂದ ನೋಡುವುದು ಒಂದು ಕಡೆ, ಜನ ತಾವೇ ಪರೀಕ್ಷಿಸಿಕೊಳ್ಳುವ ದಾರಿಯನ್ನು ಮುಚ್ಚುವುದು ಇನ್ನೊಂದು ಕಡೆ!

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ನಮಗೆ ಕೇಳಿದ್ದು ಟ್ರಸ್ಟಿನಿಂದ ನೆರವು ಪಡೆಯುವ, ಬೀಡಿ ಕಟ್ಟುವ ಒಬ್ಬ ಹೆಂಗಸು. ಫೋಟೋ ತೆಗೆಯಲು ಹುಡುಗ ಹೋದಾಗ ನಾವೂ ಜೊತೆಗಿದ್ದೆವು. ಆಕೆ ಮೊರವನ್ನು ಪಕ್ಕಕ್ಕಿಟ್ಟು ದುಪಟ್ಟಾ ಸರಿಮಾಡಿಕೊಂಡು ಹೇಳಿದರು: "ತೆಗೀರಿ ಭಾಯಿಜಾನ್, ಬೇಡ ಅನ್ನಲ್ಲ. ಬೇಡ ಅಂದ್ರೆ ಮುಂದಿನ ತಿಂಗಳ ದುಡ್ಡು ನಿಂತುಹೋದ್ರೆ? ಆದ್ರೆ ನನ್ನ ಮುಖ ನೋಡಿ ಎಷ್ಟು ಬಂತು ಅಂತ ನಂಗೂ ಒಂಚೂರು ಹೇಳ್ತೀರಾ?"

ಹುಡುಗ ಕ್ಯಾಮೆರಾ ಇಳಿಸಿದ. ನಮ್ಮಲ್ಲಿ ಉತ್ತರವಿರಲಿಲ್ಲ.

ಎಲ್ಲ ವೆಬ್‌ಸೈಟುಗಳ ಕೊರತೆಯೂ ಇದೇ. ಅವು ದಾನಿಯ ನಂಬಿಕೆ ಗಳಿಸಲು ಹೆಣಗುತ್ತವೆ. ಪಡೆಯುವವರೂ ಆ ಪುಟವನ್ನು ಓದಬಹುದೆಂದು ಊಹಿಸುವುದೇ ಇಲ್ಲ. ಭೂಪಟದ ಮೇಲಿನ ಬಾವಿಯ ಗುರುತು ನ್ಯೂಯಾರ್ಕಿನವನಿಗಾಗಿ. ಆ ಬಾವಿಗೆ ಎಷ್ಟು ಖರ್ಚಾಯಿತೆಂದು ಕೇಳುವ ಹಕ್ಕು ಹಳ್ಳಿಯವಳಿಗೂ ಇರಬೇಕಲ್ಲ? ಈ ಮಾತನ್ನು ನಮ್ಮ ದೇಶದಲ್ಲಿ ಸ್ಪಷ್ಟವಾಗಿ ಹೇಳಿದವರು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು. 1990ರಲ್ಲಿ ಹುಟ್ಟಿದ ಈ ಸಂಘಟನೆ 1994ರಲ್ಲಿ ಕೋಟ್ ಕಿರಾನಾ ಎಂಬ ಊರಲ್ಲಿ ಮೊದಲ ಜನಸುನವಾಯಿ ನಡೆಸಿತು. ಹಾಜರಿ ಪಟ್ಟಿ, ಬಿಲ್ಲುಗಳನ್ನು ಜನರೆದುರು ಗಟ್ಟಿಯಾಗಿ ಓದಲಾಯಿತು. ಯಾರ ಹೆಸರಲ್ಲಿ ಹಣ ಖರ್ಚಾಗಿತ್ತೋ ಅವರೇ ನಿಜ ಸುಳ್ಳು ಹೇಳಿದರು. 'ನಮ್ಮ ಹಣ, ನಮ್ಮ ಲೆಕ್ಕ' ಎಂಬ ಆ ಕೂಗಿನಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಮುಂದೆ ಉದ್ಯೋಗ ಖಾತ್ರಿಯ ಲೆಕ್ಕವನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯುವ ಪರಿಪಾಠವೂ ಬಂತು. ಗೋಡೆಯನ್ನು ಹಣ ಕೊಟ್ಟವನೂ ಓದಬಹುದು, ಪಡೆದವಳೂ ಓದಬಹುದು. ಓದಲು ಬಾರದಿದ್ದರೆ ಮಗಳಿಂದ ಓದಿಸಿಕೊಳ್ಳಬಹುದು.

ಈ ಯೋಚನೆಯಿಂದಲೇ ಟ್ರಸ್ಟಿನ ಮೊದಲ ಪುಟವನ್ನು ಬದಲಿಸಿ ಬರೆದುಕೊಟ್ಟೆವು. ಟ್ರಸ್ಟಿಗಳ ಹೆಸರು, ನೋಂದಣಿ ಸಂಖ್ಯೆ, 80ಜಿ ವಿನಾಯಿತಿ ಇದೆಯೇ ಇಲ್ಲವೇ, ಹೋದ ವರ್ಷ ಬಂದದ್ದೆಷ್ಟು, ಯಾವ ಬಾಬಿಗೆ ಹೋದದ್ದೆಷ್ಟು, ಉಳಿದದ್ದೆಷ್ಟು, ಝಕಾತ್ ಹಣ ಬೇರೆ, ಸದಖಾ ಹಣ ಬೇರೆ. ಮಾಡಲಾಗದೆ ಬಿಟ್ಟ ಕೆಲಸ ಯಾವುದು ಎಂಬುದಕ್ಕೂ ಒಂದು ಸಾಲು. ಕನ್ನಡದಲ್ಲೂ ಉರ್ದುವಿನಲ್ಲೂ ದಪ್ಪ ಅಕ್ಷರಗಳು. ಮುಖಗಳಿಲ್ಲ, ಹೊಲಿಗೆ ಯಂತ್ರ, ಶಾಲೆಯ ಚೀಲ, ಔಷಧಿ ಅಂಗಡಿಯ ಬಿಲ್ಲು ಇಷ್ಟರದೇ ಚಿತ್ರ. ಹುಡುಗ ಎರಡೇ ದಿನದಲ್ಲಿ ಮುಗಿಸಿದ.

ಪುಟ ಇನ್ನೂ ಪ್ರಕಟವಾಗಿಲ್ಲ. ಅಂಕಿಗಳನ್ನು ತುಂಬಬೇಕಾದ ಜಾಗ ಖಾಲಿಯಿದೆ. ಲೆಕ್ಕದ ಪುಸ್ತಕ ಕೇಳಲು ಹೋದಾಗ ಹಿರಿಯರೊಬ್ಬರು ನೊಂದುಕೊಂಡು, "ಇಪ್ಪತ್ತು ವರ್ಷದಿಂದ ಮಾಡ್ತಾ ಇದ್ದೀವಿ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರು. ಅವರು ಒಂದು ರೂಪಾಯಿ ಮುಟ್ಟಿದವರಲ್ಲವೆಂದು ನಾವೂ ನಂಬಿದ್ದೇವೆ. ಆದರೆ ನಮ್ಮ ನಂಬಿಕೆಯನ್ನು ಆ ಬೀಡಿ ಕಟ್ಟುವ ಹೆಂಗಸಿನ ಮೇಲೆ ಹೇರಲು ನಮಗೆ ಹಕ್ಕಿಲ್ಲ. ಜುಮಾ ನಮಾಝಿನ ದಿನ ಮಸೀದಿಯ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಹೋದ ವಾರದ ಡಬ್ಬಿಯ ಹಣ, ಕರೆಂಟು ಬಿಲ್ಲು, ಮುಅಝ್ಝಿನ್ ಸಾಹೇಬರ ಸಂಬಳ ಎಲ್ಲವನ್ನೂ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಾರೆ. ಚಪ್ಪಲಿ ಬಿಡುತ್ತಾ ಎಲ್ಲರೂ ಅದರತ್ತ ಒಮ್ಮೆ ನೋಡಿಯೇ ಒಳಗೆ ಹೋಗುತ್ತಾರೆ. ಅಷ್ಟನ್ನು ಟ್ರಸ್ಟಿನ ಪುಟದಲ್ಲೂ ಬರೆಯೋಣ ಎಂದಷ್ಟೇ ನಾವು ಕೇಳುತ್ತಿರುವುದು.