ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯ: ಒಂದು ವಿಮರ್ಶೆ

ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪೂರ್ವಿಕರ ಪದ್ಧತಿಯು. ವಸ್ತುಸಂಗ್ರಹಾಲಯವೂ ಕಣ್ಣಿನಿಂದ ಓದತಕ್ಕ ಗ್ರಂಥವೇ ಆದುದರಿಂದ, ನೈಋತ್ಯ ರೈಲ್ವೆಯವರು 2020ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಸಂಗ್ರಹಾಲಯವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಲ್ಲ.

ವಿಷಯವು ಸುವ್ಯಕ್ತವಾಗಿದೆ. ನಿಲ್ದಾಣದ ಸಮೀಪದಲ್ಲಿದ್ದ, ನೂರು ವರ್ಷಗಳಿಗೆ ಮೀರಿದ ಎರಡು ರೈಲ್ವೆ ವಸತಿಗೃಹಗಳನ್ನು ಕೆಡವದೆ ಜೀರ್ಣೋದ್ಧಾರ ಮಾಡಿ, ಅವುಗಳಲ್ಲಿ ಹಳೆಯ ಸಾಮಗ್ರಿಯನ್ನು ಇರಿಸಿದುದು ವಿವೇಕದ ಕಾರ್ಯವು. ಇಲ್ಲಿ ಮನೆಯೇ ಮೊದಲನೆಯ ಪ್ರದರ್ಶನವಸ್ತು. ಅವಕ್ಕೆ ಇಟ್ಟ ಮಲಪ್ರಭಾ, ಘಟಪ್ರಭಾ ಎಂಬ ಹೆಸರುಗಳೂ ಸಾರ್ಥಕವಾದುವು. ರೈಲುಹಳಿಯು ಮುಟ್ಟದ ಸವದತ್ತಿ ಸೀಮೆಯ ಚಚಡಿಯಂಥ ಊರಿನಿಂದ ಬಂದ ಒಕ್ಕಲಿಗನೂ ತನ್ನ ನಾಡಿನ ಹೊಳೆಯ ಹೆಸರನ್ನು ಬಾಗಿಲಲ್ಲಿ ಕಂಡು, ಇದು ತನ್ನದೆಂದು ಬಗೆಯುವನು. ಅಧಿಕಾರಿಯಾರೆಂಬ ಪ್ರಶ್ನೆಗೆ ಅವನೇ ಉತ್ತರವು.

ಪ್ರಯೋಜನದ ವಿಚಾರವು ಇಷ್ಟು ಸುಲಭವಲ್ಲ. ಈ ಸೀಮೆಗೆ ಉಗಿಬಂಡಿಯು ವಿಲಾಸಕ್ಕಾಗಿ ಬರಲಿಲ್ಲ. ಧಾತು-ಈಶ್ವರ ಸಂವತ್ಸರಗಳ, ಎಂದರೆ 1876-78ರ, ಘೋರ ಕ್ಷಾಮದಲ್ಲಿ ಆಳರಸರ ಧೋರಣೆಯೊಡನೆ ಸಾಗಾಟದ ಕೊರತೆಯೂ ಕೂಡಿ ಅಸಂಖ್ಯ ಜನರು ಅಳಿದರು. ತರುವಾಯ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೊಟಗಿ-ಗದಗ ಮಾರ್ಗವನ್ನು ಕ್ಷಾಮನಿವಾರಣೆಯ ಉದ್ದೇಶದಿಂದ ನಿರ್ಮಿಸಿತು. ಮುಂದೆ ಮರ್ಮಗೋವೆಯ ಬಂದರಿನೊಡನೆ ಕೂಡಿದ ಹಳಿಗಳ ಮೇಲೆ ಧಾರವಾಡ ಸೀಮೆಯ ಹತ್ತಿಯು ಹೊರನಾಡಿಗೆ ಹೋಯಿತು. ಕಾಳು ತರಲು ಹಾಕಿದ ಹಳಿಯೇ ಬೆಳೆಯನ್ನು ಒಯ್ಯುವ ಹಳಿಯೂ ಆದುದು ಈ ಚರಿತ್ರೆಯ ತಿರುಳು. ಅದನ್ನು ತಿಳಿಯದೆ ಹೊರಬಂದವನು ಕಬ್ಬಿಣವನ್ನು ಕಂಡನೇ ಹೊರತು ರೈಲ್ವೆಯನ್ನು ಕಾಣಲಿಲ್ಲ.

ಉಳಿದುದು ಸಂಬಂಧ. ಮೀಟರ್ ಗೇಜಿನಲ್ಲಿ ಹಳಿಗಳ ನಡುವಣ ಅಂತರವು 1000 ಮಿಲಿಮೀಟರು, ಬ್ರಾಡ್ ಗೇಜಿನಲ್ಲಿ 1676. ಸಂಖ್ಯೆಗಳಷ್ಟೇ ನೀರಸವಾದುವು. ಆದರೆ ಎರಡು ಗೇಜುಗಳು ಕೂಡುವಲ್ಲಿ ಪ್ರತಿಯೊಂದು ಮೂಟೆಯನ್ನೂ ಹಮಾಲರು ಒಂದು ಬಂಡಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗುತ್ತಿತ್ತೆಂದು ಹೇಳಿದೊಡನೆ, ಆ ಅಂತರಕ್ಕೆ ಬೆನ್ನೂ ಬೆವರೂ ಬರುವುವು. ವಸ್ತುವಿಗೂ ಬಾಳಿಗೂ ಈ ಬಗೆಯ ಸಂಬಂಧವನ್ನು ಕಲ್ಪಿಸುವುದೇ ಸಂಗ್ರಾಹಕನ ಪಾಂಡಿತ್ಯವು; ಸಂಗ್ರಹದ ಸಮೃದ್ಧಿಯೊಂದರಿಂದಲೇ ಅದು ಸಿದ್ಧಿಸದು.

ಮಕ್ಕಳು ವಿನೋದಕ್ಕಾಗಿ ಬರುವ ಸ್ಥಳದಲ್ಲಿ ಕ್ಷಾಮದ ಮಾತೇಕೆ ಎಂಬ ಆಕ್ಷೇಪವು ಏಳಬಹುದು. ಅದಕ್ಕೆ ಸಮಾಧಾನವಿಷ್ಟೆ: ಬರಗಾಲದ ಕಥೆಯನ್ನು ಮನೆಮನೆಯ ಅಜ್ಜಿಯರು ಹೇಳುತ್ತಿದ್ದುದು ಮಕ್ಕಳಿಗೇ. ಮಲಪ್ರಭೆಯ ಹೆಸರನ್ನು ಹೊತ್ತ ಮನೆಯಲ್ಲಿ ಆ ದಡದ ಹಸಿವಿಗೂ ಒಂದು ಸ್ಥಾನವಿರಬೇಕಾದುದು ನ್ಯಾಯವು.