ಶಾಸನ ಓದಿದವರು, ಪಾಡ್ದನ ಕೇಳಿದವರು

ತುಳುನಾಡಿನ ಚರಿತ್ರೆಕಾರರನ್ನು ಒಂದು ಪಂಥವೆಂದು ಕರೆಯುವುದಾದರೆ ಅದಕ್ಕೆ ಶಾಸನಪಂಥ ಎಂದೇ ಹೆಸರಿಡಬೇಕು. ಗಣಪತಿ ರಾವ್ ಐಗಳರ 'ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ' 1923ರದು. ಅದರ ಹಿಂದೆಯೇ 1936ರಲ್ಲಿ ಭಾಸ್ಕರ ಆನಂದ ಸಾಲೆತ್ತೂರರ ತುಳುವ ಚರಿತ್ರೆ, 1970ರಲ್ಲಿ ಕೆ.ವಿ. ರಮೇಶರ ಗ್ರಂಥ ಬಂದವು. ಇವೆಲ್ಲಕ್ಕೂ ಕಳಶವಿಟ್ಟಂತೆ 1975ರಲ್ಲಿ ಪಾದೂರು ಗುರುರಾಜ ಭಟ್ಟರು 'ಸ್ಟಡೀಸ್ ಇನ್ ತುಳುವ ಹಿಸ್ಟರಿ ಆಂಡ್ ಕಲ್ಚರ್' ಗ್ರಂಥವನ್ನು ಕಲ್ಯಾಣಪುರದಿಂದ ತಾವೇ ಹೊರತಂದರು.

ಭಟ್ಟರು ಕಾಪು ಬಳಿಯ ಪಾದೂರಿನವರು, ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರು. ಅವರ ದೊಡ್ಡಸ್ತಿಕೆ ಇರುವುದು ಕಾಲ್ನಡಿಗೆಯಲ್ಲಿ. ಊರೂರಿನ ಗುಡಿಗೆ ಹೋಗಿ ಮೂರ್ತಿಯ ಪ್ರಭಾವಳಿ ಹೇಗಿದೆ, ಶಂಖಚಕ್ರ ಹಿಡಿದ ಬೆರಳು ಹೇಗಿದೆ, ಪೀಠದ ಕೆತ್ತನೆ ಎಂಥದು ಎಂದು ನೋಡಿ ಕಾಲ ಗೊತ್ತುಮಾಡಿದರು. ಸ್ಥಳಪುರಾಣ ಪರಶುರಾಮನಿಂದ ಶುರುವಾಗುವ ಊರುಗಳಲ್ಲಿ ನಿಂತು 'ಈ ವಿಗ್ರಹ ಇಂತಿಷ್ಟನೇ ಶತಮಾನದ್ದು' ಎನ್ನುವುದಕ್ಕೆ ಎದೆಗಾರಿಕೆ ಬೇಕು. ಆದರೆ ಶೈಲಿಯೊಂದನ್ನೇ ನಂಬಿ ಕಾಲ ಹೇಳುವಾಗ ಒಂದು ಶತಮಾನ ಆಚೀಚೆ ಆಗುವುದು ಸಹಜ. ಅವರ ನಂತರ ಬಂದ ಅನೇಕರು ಆ ಅಂದಾಜನ್ನು ಪರೀಕ್ಷಿಸದೆ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಸಿದ್ಧಾಂತವೆಂಬಂತೆ ಅಚ್ಚುಹಾಕಿದರು. ಇಷ್ಟು ದೊಡ್ಡ ಕೆಲಸ ಇಂಗ್ಲಿಷಿನಲ್ಲೇ ಉಳಿದದ್ದೂ ಇದಕ್ಕೆ ಒಂದು ಕಾರಣ. ಮೂಲ ಓದಿದವರಿಗಿಂತ ಉಲ್ಲೇಖ ಓದಿದವರೇ ಹೆಚ್ಚು.

ಪಂಥದ ನಿಜವಾದ ಕೊರತೆ ಬೇರೆ. ರಾಜರ ವಂಶಾವಳಿಯೇ ಇಲ್ಲಿ ಬೆನ್ನೆಲುಬು: ಆಳುಪರು, ಹೊಯ್ಸಳರು, ವಿಜಯನಗರದ ರಾಜ್ಯಪಾಲರು, ಕೆಳದಿಯವರು. ಕಾರ್ಕಳ ತಾಲ್ಲೂಕಿನ ಬೆಳ್ಮಣ್ಣಿನ ತಾಮ್ರಪಟ ಕನ್ನಡದ ಅತಿ ಹಳೆಯ ತಾಮ್ರಶಾಸನವೆಂದು ಹೆಸರಾದದ್ದು. ಅದರ ಚರ್ಚೆ ಬಹುಪಾಲು ಎರಡನೆಯ ಆಳುವರಸನ ಕಾಲ ಯಾವುದು ಎಂಬಲ್ಲೇ ಸುತ್ತುತ್ತದೆ. ಕಾರ್ಕಳದ ಗೊಮ್ಮಟ ಎಂದಕೂಡಲೇ 1432, ವೀರಪಾಂಡ್ಯ, ಗುರು ಲಲಿತಕೀರ್ತಿ ಎಂದು ಒಪ್ಪಿಸಿ ಮುಂದೆ ಹೋಗುತ್ತೇವೆ. ಎದುರಿನ ಗುಡ್ಡದ ಚತುರ್ಮುಖ ಬಸದಿಯ 1586ರ ಶಾಸನವನ್ನೇ ನೋಡಿ. ಇಮ್ಮಡಿ ಭೈರರಸ ಬಸದಿ ಕಟ್ಟಿಸಿ ಸುಮ್ಮನಾಗಲಿಲ್ಲ. ತೆಳ್ಳಾರಿನ ಹುಟ್ಟುವಳಿಯನ್ನು ಮುಡಿ ಅಕ್ಕಿಯ ಲೆಕ್ಕದಲ್ಲಿ ಬಿಟ್ಟುಕೊಟ್ಟ. ಒಂದು ಮುಡಿಗೆ 42 ಸೇರು ಎಂದು ನಮ್ಮ ಅಜ್ಜಿಯಂದಿರಿಗೂ ಬಾಯಿಪಾಠ. ಆ ಅಕ್ಕಿ ಬೆಳೆದವರು ಯಾರು, ಗೇಣಿ ಎಷ್ಟು, ಬಸದಿಗೆ ಹೊತ್ತು ತಂದವರು ಯಾರು? ಶಾಸನದ ಒಳಗೇ ಇದ್ದ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೈಗೆತ್ತಿಕೊಂಡವರು ಕೆ.ಜಿ. ವಸಂತ ಮಾಧವರು. ಪಶ್ಚಿಮ ಕರ್ನಾಟಕದ 1500ರಿಂದ 1800ರವರೆಗಿನ ಭೂಸಂಬಂಧಗಳ ಬಗ್ಗೆ ಅವರು ಬರೆದ ಪುಸ್ತಕ ನನ್ನ ಲೆಕ್ಕದಲ್ಲಿ ಈ ಪಂಥ ತೆಗೆದುಕೊಂಡ ಅತ್ಯಂತ ಒಳ್ಳೆಯ ತಿರುವು, ಸಿಗಬೇಕಾದ ಓದುಗರು ಸಿಗದ ಪುಸ್ತಕವೂ ಹೌದು.

ಗದ್ದೆಯಲ್ಲಿ ದುಡಿದವರ ಮಾತು ಇನ್ನೊಂದು ಕಪಾಟಿನಲ್ಲಿದೆ. ಮಣಿಪಾಲದ ಟಿ.ಎಂ.ಎ. ಪೈಗಳು 1949ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರು ಜಾನಪದಕ್ಕೊಂದು ನೆಲೆ ಕಟ್ಟಿದರು. ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂತು. ಫಿನ್ಲೆಂಡಿನ ಲೌರಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆ ಹೇಳುವ ತುಳು ಹಾಡುಗಬ್ಬವನ್ನು, ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಸಿರಿಯ ಕಥೆಯಲ್ಲಿ ಬೀಡು ಯಾರ ಪಾಲಿಗೆ ಎಂಬ ಜಗಳವಿದೆ, ಹೆಣ್ಣಿನ ಹಕ್ಕಿನ ಮಾತಿದೆ. ಅಳಿಯಸಂತಾನದ ಚರಿತ್ರೆ ಬರೆಯುವವನಿಗೆ ಇದಕ್ಕಿಂತ ಹೆಚ್ಚಿನ ಆಕರ ಬೇಕೆ? ಆದರೂ ಶಾಸನದವರು ಅದನ್ನು 'ಕಥೆ' ಎಂದು ಬದಿಗಿಟ್ಟರು, ಜಾನಪದದವರು ಶಾಸನವನ್ನು 'ಅರಸರ ಕಾಗದ' ಎಂದು ಬಿಟ್ಟರು. ಒಂದೇ ಸೀಮೆಯಲ್ಲಿದ್ದೂ ಹೀಗೆ. ಹಿಂದೆ ಸಾಲೆತ್ತೂರರು ಗ್ರಾಮಪದ್ಧತಿಯನ್ನೂ ಭೂತಾರಾಧನೆಯನ್ನೂ ಚರಿತ್ರೆಯ ಒಳಗೇ ತಂದಿದ್ದರು. ಅವರ ನಿರ್ಣಯಗಳು ಹಲವೆಡೆ ಸಡಿಲ, ಹಸಿವು ಮಾತ್ರ ಸರಿಯಾದದ್ದು.

ಅಮೆರಿಕ ಖಂಡದ ಮಾಯಾ ಅಧ್ಯಯನದಲ್ಲಿ ಈ ಗೋಡೆ ಒಡೆದದ್ದು ಹೇಗೆ ಎಂದು ನೋಡುವುದು ಉಪಯುಕ್ತ. 1952ರಲ್ಲಿ ಕ್ನೊರೊಜೊವ್ ಮಾಯಾ ಲಿಪಿ ಓದುವ ದಾರಿ ತೋರಿಸಿದರು. 1973ರಲ್ಲಿ ಮೈಕೆಲ್ ಕೋ ಅವರು ಸಮಾಧಿಗಳಲ್ಲಿ ಸಿಕ್ಕ ಚಿತ್ರಿತ ಮಡಕೆಗಳನ್ನು 'ಪೊಪೊಲ್ ವುಹ್' ಪುರಾಣದ ಅವಳಿ ವೀರರ ಕಥೆಯೊಂದಿಗೆ ಇಟ್ಟು ಓದಿದರು. ಮಡಕೆಗೂ ಪುರಾಣದ ಹಸ್ತಪ್ರತಿಗೂ ನಡುವೆ ಸುಮಾರು ಸಾವಿರ ವರ್ಷದ ಅಂತರ. ಅಂತರ ದೊಡ್ಡದೆಂದು ಯಾರೂ ಕೈಬಿಡಲಿಲ್ಲ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಸಾಲುಸಾಲಾಗಿ ವಾದ ಮಾಡಿದರು. ನಮ್ಮ ಅವಳಿ ವೀರರಾದ ಕೋಟಿ ಚೆನ್ನಯರಿಗೆ ಅಷ್ಟು ದೂರವೂ ಇಲ್ಲ. ಅವರ ಗರಡಿಗಳು ಊರೂರಲ್ಲಿ ನಿಂತಿವೆ, ಪಾಡ್ದನದಲ್ಲಿ ಬರುವ ಪಡುಮಲೆ, ಎಣ್ಮೂರು ಇವತ್ತಿಗೂ ಬಸ್ಸು ಹೋಗುವ ಊರುಗಳು. ಗರಡಿಗಳ ನಕ್ಷೆಯನ್ನು ಬಲ್ಲಾಳರ ಬೀಡುಗಳ ನಕ್ಷೆಯ ಮೇಲಿಟ್ಟು, ಅದೇ ಪ್ರದೇಶದ ದಾನಶಾಸನಗಳ ಗೇಣಿ ಲೆಕ್ಕದೊಂದಿಗೆ ತಾಳೆ ನೋಡುವ ಒಂದು ಪುಸ್ತಕ ಬೇಕು. ಅದಕ್ಕೆ ಬೇಕಾದ ಶಾಸನಪಾಠ, ಪಾಡ್ದನಪಾಠ, ನಿಘಂಟು ಮೂರೂ ಅಚ್ಚಾಗಿ ವರ್ಷಗಳೇ ಕಳೆದಿವೆ.