ಪ್ರಶ್ನಾವಳಿಯ ಕೊನೆಯ ಪುಟ

ಆರೋಗ್ಯ ಸಂಶೋಧಕರಿಗೆ ಕೊಡುವ ತರಬೇತಿಯಲ್ಲಿ ಈಗ 'ಸಾಮಾಜಿಕ ಅಂಶ', 'ಪರಿಸರದ ಅಂಶ' ಎಂಬ ಮಾತುಗಳು ಧಾರಾಳವಾಗಿ ಕೇಳಿಬರುತ್ತವೆ. ಆದರೆ ಎಷ್ಟೋ ಸಲ ಅವು ಪ್ರಶ್ನಾವಳಿಯ ಕೊನೆಯ ಪುಟದಲ್ಲಿ ಜಾತಿ, ಧರ್ಮ, ವರಮಾನ, ಶೌಚಾಲಯಗಳ ಸಾಲಿಗೆ ಸೇರಿ ಮುಗಿದುಹೋಗುತ್ತವೆ. ಇಂಥ ತರಬೇತಿಗೆ ಪಠ್ಯ ಯಾವುದಿರಬೇಕೆಂದು ಕೇಳಿದರೆ, ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ನಮ್ಮ ಮಂಗನ ಕಾಯಿಲೆಯ ಬಗ್ಗೆ ಬರೆದ ಲೇಖನವನ್ನು ನಾವು ಸೂಚಿಸುತ್ತೇವೆ. ಅದನ್ನು ಅವರು 'ಅಭಿವೃದ್ಧಿಯ ರೋಗ' ಎಂದು ಕರೆದರು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವಿಜ್ಞಾನಿಗಳು ವೈರಾಣುವನ್ನು ಗುರುತಿಸಿದರು, ಅದು ಉಣುಗಿನಿಂದ ಹರಡುತ್ತದೆಂದು ಕಂಡುಕೊಂಡರು. ರಷ್ಯಾದ ಒಂದು ರೋಗದ ವೈರಾಣುವಿಗೆ ಇದು ಹತ್ತಿರವಾಗಿದ್ದುದರಿಂದ ವಲಸೆ ಹಕ್ಕಿಗಳ ಮೇಲೂ ಗುಮಾನಿ ಬಂತು. ಸೈಬೀರಿಯಾದವರೆಗೆ ಹೋದ ದೃಷ್ಟಿ ಊರಂಚಿನ ದನಗಳ ಮೇಲೆ ಬೀಳಲು ಸಮಯ ಹಿಡಿಯಿತು. ಕಾಡು ಕಡಿದು ಸಾಗುವಳಿ ಮಾಡಿದಾಗ ದನಗಳು ಕಾಡಿನೊಳಕ್ಕೆ ಮೇಯಲು ಹೋದವು, ಅವುಗಳ ರಕ್ತ ಹೀರಿ ಉಣುಗು ಹೆಚ್ಚಿತು ಎಂಬ ವಾದವನ್ನು ಬೋಶೆಲ್ 1969ರಲ್ಲಿ ಮುಂದಿಟ್ಟರು.

ನಿಕ್ಟರ್ ಬರೆಯುವುದು 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದಲ್ಲಿ ರೋಗ ಎದ್ದಾಗಿನ ಮಾತು. ಗೇರು ತೋಟಕ್ಕೆಂದು ಕಾಡು ಕಡಿದಿದ್ದರು. ಇದು ದೈವಗಳ ಮುನಿಸು ಎಂದರು ಜನ. ತರಬೇತಿ ಪಡೆದ ಎಷ್ಟೋ ಜನ 'ಮೂಢನಂಬಿಕೆ' ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಿದ್ದರು. ನಿಕ್ಟರ್ ಅಲ್ಲೇ ನಿಂತು ಕೇಳುತ್ತಾರೆ. ದೈವಾರಾಧನೆ ನಮ್ಮದಲ್ಲ, ಆದರೂ ಆ ಮಾತಿನೊಳಗೆ ಕಾಡು ಕಡಿಸಿದವರ ಮೇಲಿನ ಆರೋಪವೊಂದಿದೆ ಎಂಬುದು ನಮಗೂ ತಿಳಿಯುತ್ತದೆ. ಕಡಿಸಿದವರು ಯಾರು, ಜ್ವರ ಬಂದದ್ದು ಯಾರಿಗೆ? ಉರ್ದುವಿನಲ್ಲಿ ಕಾಯಿಲೆಯವರ 'ಹಾಲ್' ಕೇಳುವುದು ರೂಢಿ. ಆ ಪದದಲ್ಲಿ ಮೈಯ ಸ್ಥಿತಿಯೂ ಇದೆ, ಮನೆಯ ಪರಿಸ್ಥಿತಿಯೂ ಇದೆ. ಸಂಶೋಧಕ ಕಲಿಯಬೇಕಾದದ್ದು ಹೀಗೆ ಕೇಳುವುದನ್ನು.

ಆದರೆ 'ಅಭಿವೃದ್ಧಿಯ ರೋಗ' ಎಂಬ ಹೆಸರಿನ ಬಗ್ಗೆ ನಮ್ಮ ತಕರಾರಿದೆ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು-ದರಗು ತರುವುದು ಮಲೆನಾಡಿನ ಹಳೆಯ ಬದುಕು. ಕಾಡು ಕಡಿಸಿದ ಯೋಜನೆಯೂ, ಸೊಪ್ಪಿನ ಹೊರೆ ಹೊತ್ತು ಬರುವ ಹೆಂಗಸೂ ಒಂದೇ ಹೆಸರಿನಡಿ ಬರುವುದು ನ್ಯಾಯವಲ್ಲ. ಇಲಾಖೆ ಈ ಹೆಂಗಸಿಗೆ ಕಾಡಿಗೆ ಹೋಗಬೇಡ, ಹೋದರೆ ಡೆಪಾ ಎಣ್ಣೆ ಹಚ್ಚಿಕೊ ಎನ್ನುತ್ತದೆ. ಹೋಗದಿದ್ದರೆ ತೋಟದ ಕೆಲಸ ಹೇಗೆ ನಡೆಯಬೇಕು ಎಂಬ ಪ್ರಶ್ನೆಗೆ ಯಾವ ನಮೂನೆಯಲ್ಲೂ ಜಾಗವಿಲ್ಲ.

2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ರೋಗ ಮತ್ತೆ ಕಾಣಿಸಿತು, 2019ರ ಹೊತ್ತಿಗೆ ಹಲವರು ಸತ್ತರು. ಹಳೆಯ ಲಸಿಕೆ ಸಾಲದೆಂದು 2022ರಲ್ಲಿ ನಿಂತಿತು. ಹೊಸ ಸಂಶೋಧಕರು ಆ ಊರುಗಳಿಗೆ ಬರುತ್ತಲೇ ಇರುತ್ತಾರೆ. ನಿಕ್ಟರ್ ಬರೆದದ್ದು ಅಮೆರಿಕದ ವಿದ್ವತ್ ಪತ್ರಿಕೆಯಲ್ಲಿ, ಇಂಗ್ಲಿಷಿನಲ್ಲಿ. ಇವರನ್ನು ಮನೆಯಿಂದ ಮನೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯ ಕೈಗೆ ಅದು ಕನ್ನಡದಲ್ಲಿ ಸಿಗಬೇಕು.